ಸ್ಟೆಂಟ್ ಮತ್ತು ಅಪಧಮನಿಯ ಗೋಡೆ: ಕಂಪ್ಯೂಟರ್ ಮಾದರಿಯನ್ನು ಹಂತಹಂತವಾಗಿ ಕಟ್ಟುವುದು

ಕಿರಿದಾದ ನಾಳವನ್ನು ತೆರೆದಿಡಲು ಹಾಕುವ ಜಾಲರಿಯಂಥ ಲೋಹದ ಕೊಳವೆಯೇ ಸ್ಟೆಂಟ್. ಬಲೂನ್ ಉಬ್ಬಿ ಅದು ಹಿಗ್ಗಿದಾಗ ಅಪಧಮನಿಯ ಗೋಡೆಯೊಳಗೆ ಎಷ್ಟು ಸ್ಟ್ರೆಸ್ ಹುಟ್ಟಿತು ಎಂಬುದನ್ನು ರೋಗಿಯ ದೇಹದಲ್ಲಿ ನೇರವಾಗಿ ಅಳೆಯುವ ಉಪಕರಣ ಇಲ್ಲ. ಆದರೆ ಆ ಸ್ಟ್ರೆಸ್ ಮುಖ್ಯ. ಸ್ಟೆಂಟಿನ ತಂತಿ ಗೋಡೆಯನ್ನು ಆಳವಾಗಿ ಗಾಯಗೊಳಿಸಿದಷ್ಟೂ ಅದರ ಮೇಲೆ ಹೊಸ ಅಂಗಾಂಶ ದಪ್ಪವಾಗಿ ಬೆಳೆದು ನಾಳ ಮತ್ತೆ ಕಿರಿದಾಗುತ್ತದೆ ಎಂಬುದನ್ನು ಹಂದಿಗಳ ಕೊರೊನರಿ (ಹೃದಯಕ್ಕೆ ರಕ್ತ ಕೊಡುವ) ಅಪಧಮನಿಗಳ ಮೇಲಿನ ಪ್ರಯೋಗಗಳು 1990ರ ದಶಕದಲ್ಲೇ ತೋರಿಸಿವೆ. ಈ ಅಳೆಯಲಾಗದ ಸ್ಟ್ರೆಸ್ಸನ್ನು ಲೆಕ್ಕದಿಂದ ಹಿಡಿಯುವ ಸಾಧನವೇ ಫೈನೈಟ್ ಎಲಿಮೆಂಟ್ ಮಾದರಿ, ಅಂದರೆ ಆಕಾರವನ್ನು ಸಣ್ಣ ಸಣ್ಣ ತುಂಡುಗಳಾಗಿ (ಎಲಿಮೆಂಟುಗಳಾಗಿ) ಒಡೆದು ಲೆಕ್ಕ ಹಾಕುವ ಮಾದರಿ.

ಈ ಲೇಖನ ಫೈನೈಟ್ ಎಲಿಮೆಂಟ್ ವಿಧಾನದ ಮೂಲ ಪರಿಚಯ ಇರುವವರಿಗಾಗಿ. ಅಬಾಕಸ್, ಆನ್ಸಿಸ್, ಎಲ್‌ಎಸ್-ಡೈನಾ, ಉಚಿತವಾಗಿ ಸಿಗುವ ಫೆಬಯೋ, ಯಾವ ಸಾಫ್ಟ್‌ವೇರ್ ಬಳಸಿದರೂ ಕ್ರಮ ಒಂದೇ. ಸ್ಟೆಂಟ್, ಬಲೂನ್, ಗೋಡೆ ಈ ಮೂರನ್ನೂ ಬೇರೆಬೇರೆಯಾಗಿ ಕಟ್ಟಿ, ಬೇರೆಬೇರೆಯಾಗಿ ಪರೀಕ್ಷಿಸಿ, ಕೊನೆಗೆ ಒಂದುಗೂಡಿಸಬೇಕು. ಮೂರನ್ನೂ ಒಂದೇ ಫೈಲಿನಲ್ಲಿ ಹಾಕಿ ಓಡಿಸಿದರೆ ತಪ್ಪು ಎಲ್ಲಿದೆ ಎಂದು ಹುಡುಕಲು ವಾರಗಳೇ ಬೇಕಾಗುತ್ತವೆ.

ಪ್ರಶ್ನೆಯನ್ನು ಮೊದಲು ಬರೆದಿಡಿ

ಎರಡು ವಿನ್ಯಾಸಗಳಲ್ಲಿ ಯಾವುದು ಗೋಡೆಗೆ ಕಡಿಮೆ ಸ್ಟ್ರೆಸ್ ಕೊಡುತ್ತದೆ? ಬಲೂನ್ ಇಳಿಸಿದ ಮೇಲೆ ಸ್ಟೆಂಟ್ ಎಷ್ಟು ಹಿಂದಕ್ಕೆ ಕುಗ್ಗುತ್ತದೆ (ಇದೇ ರಿಕಾಯಿಲ್)? ಕ್ಯಾಲ್ಸಿಯಂ ತುಂಬಿದ ನಾಳದಲ್ಲಿ ಎಲ್ಲಿ ತಂತಿ ಗೋಡೆಗೆ ತಾಗದೆ ಉಳಿಯುತ್ತದೆ? ಲೋಹ ಎಷ್ಟು ವರ್ಷ ಮುರಿಯದೆ ಬಾಳುತ್ತದೆ? ಈ ನಾಲ್ಕಕ್ಕೂ ಬೇಕಾದ ಮಾದರಿಗಳು ಬೇರೆಬೇರೆ. ಹಿಗ್ಗಿದ ಮೇಲಿನ ಕೊನೆಯ ಆಕಾರ ಮಾತ್ರ ಸಾಕು ಎಂದಾದರೆ ಬಲೂನಿನ ಮಡಿಕೆಗಳು ಬೇಕಿಲ್ಲ. ಸ್ಟೆಂಟಿನ ತುದಿಗಳು ನಡುಭಾಗಕ್ಕಿಂತ ಮೊದಲು ಅರಳುವ ಡಾಗ್‌ಬೋನಿಂಗ್ ನೋಡಬೇಕಾದರೆ ಮಡಿಸಿದ ಬಲೂನ್ ಇಲ್ಲದೆ ಆಗದು. ಲೋಹದ ಆಯಸ್ಸು ತಿಳಿಯಬೇಕಾದರೆ ಸ್ಟೆಂಟಿನ ಮೆಶ್ (ಎಲಿಮೆಂಟುಗಳ ಜಾಲ) ತುಂಬ ನಯವಾಗಿರಬೇಕು, ಗೋಡೆ ಸ್ವಲ್ಪ ಒರಟಾಗಿದ್ದರೂ ನಡೆಯುತ್ತದೆ. ಗೋಡೆಯ ಗಾಯ ಬೇಕಾದರೆ ಇದರ ತಿರುಗುಮುರುಗು.

ಮಾನಗಳ ಹೊಂದಾಣಿಕೆ

ಸಾಲ್ವರ್‌ಗಳಿಗೆ ಮಾನಗಳ ಅರಿವಿಲ್ಲ, ಕೊಟ್ಟ ಸಂಖ್ಯೆಯನ್ನಷ್ಟೇ ನುಂಗುತ್ತವೆ. ಈ ಕೆಲಸಕ್ಕೆ ಮಿಲಿಮೀಟರ್, ಟನ್, ಸೆಕೆಂಡ್, ನ್ಯೂಟನ್, ಮೆಗಾಪ್ಯಾಸ್ಕಲ್ ಗುಂಪು ಅನುಕೂಲ. ಇದರಲ್ಲಿ ಸ್ಟೀಲಿನ ಸಾಂದ್ರತೆ 7.9 × 10⁻⁹, ಅಂಗಾಂಶದ್ದು ಸುಮಾರು 1.1 × 10⁻⁹. 100 ಮಿ.ಮೀ. ಪಾದರಸದ ರಕ್ತದೊತ್ತಡ ಎಂದರೆ 0.0133 ಮೆಗಾಪ್ಯಾಸ್ಕಲ್. ಬಲೂನಿನ 10 ಅಟ್ಮಾಸ್ಫಿಯರ್ ಎಂದರೆ 1.013 ಮೆಗಾಪ್ಯಾಸ್ಕಲ್. ಅಂಗಾಂಶದ ಸಂಶೋಧನಾ ಪ್ರಬಂಧಗಳು ಕಿಲೋಪ್ಯಾಸ್ಕಲ್‌ನಲ್ಲಿ ಸಂಖ್ಯೆ ಕೊಡುತ್ತವೆ. ಅದನ್ನು ಸಾವಿರದಿಂದ ಭಾಗಿಸುವುದನ್ನು ಮರೆತರೆ ಗೋಡೆ ಗಟ್ಟಿ ಪ್ಲಾಸ್ಟಿಕ್ಕಿನಂತಾಗಿ ಸ್ಟೆಂಟ್ ಹಿಗ್ಗುವುದೇ ಇಲ್ಲ.

ಸ್ಟೆಂಟಿನ ಆಕಾರ ಮತ್ತು ಮೆಶ್

ಬಲೂನಿನಿಂದ ಹಿಗ್ಗುವ ಕೊರೊನರಿ ಸ್ಟೆಂಟ್ ಎಂದರೆ ಲೇಸರಿನಿಂದ ಕತ್ತರಿಸಿದ ತೆಳು ಕೊಳವೆ. ಮೊದಲ ತಲೆಮಾರಿನ ಔಷಧಲೇಪಿತ ಸ್ಟೆಂಟುಗಳಲ್ಲಿ ಸ್ಟ್ರಟ್ಟಿನ, ಅಂದರೆ ಜಾಲರಿಯ ಒಂದೊಂದು ತಂತಿಯ, ದಪ್ಪ ಸುಮಾರು 140 ಮೈಕ್ರಾನ್ ಇತ್ತು. ಈಗಿನ ಕೋಬಾಲ್ಟ್-ಕ್ರೋಮಿಯಂ ಸ್ಟೆಂಟುಗಳಲ್ಲಿ ಅದು 60ರಿಂದ 80 ಮೈಕ್ರಾನಿಗೆ ಇಳಿದಿದೆ.

ಕೊಳವೆಯನ್ನು ಚಪ್ಪಟೆಯಾಗಿ ಬಿಡಿಸಿಟ್ಟ ನಕ್ಷೆಯಿಂದ ಆರಂಭಿಸಿ. ಸಮತಲದಲ್ಲಿ ಷಟ್ಫಲಕ ಎಲಿಮೆಂಟುಗಳ ಮೆಶ್ ಹಾಕಿ, ಆಮೇಲೆ ನೋಡುಗಳ (ಎಲಿಮೆಂಟುಗಳ ಮೂಲೆಬಿಂದುಗಳ) ಸ್ಥಾನವನ್ನು ಗಣಿತದಿಂದ ಸಿಲಿಂಡರ್ ಆಕಾರಕ್ಕೆ ಸುತ್ತಿ. ಮೂರು ಆಯಾಮದ ಆಕಾರವನ್ನು ನೇರವಾಗಿ ಮೆಶ್ ಮಾಡಿಸಿದರೆ ಸಾಫ್ಟ್‌ವೇರ್ ಚತುಷ್ಫಲಕಗಳನ್ನು ತುರುಕುತ್ತದೆ. ಬಾಗುವ ಕಿರೀಟಗಳಲ್ಲಿ, ಅಂದರೆ ಸ್ಟ್ರಟ್ಟು ಯು ಆಕಾರದಲ್ಲಿ ತಿರುಗುವ ಕಡೆಗಳಲ್ಲಿ, ಮೊದಲ ದರ್ಜೆಯ ಚತುಷ್ಫಲಕಗಳು ಇರಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗಿರುತ್ತವೆ.

ಸ್ಟ್ರಟ್ಟಿನ ದಪ್ಪಕ್ಕೆ ಕನಿಷ್ಠ 4 ಎಲಿಮೆಂಟ್, ಅಗಲಕ್ಕೆ 4ರಿಂದ 6. ರಿಡ್ಯೂಸ್ಡ್ ಇಂಟಿಗ್ರೇಷನ್ ಎಲಿಮೆಂಟುಗಳಲ್ಲಿ, ಉದಾಹರಣೆಗೆ ಅಬಾಕಸ್‌ನ ಸಿ3ಡಿ8ಆರ್‌ನಲ್ಲಿ, ಸ್ಟ್ರೆಸ್ ಲೆಕ್ಕ ಹಾಕುವುದು ಎಲಿಮೆಂಟಿನ ನಡುವಿನ ಒಂದೇ ಬಿಂದುವಿನಲ್ಲಿ. ದಪ್ಪಕ್ಕೆ ಒಂದೇ ಎಲಿಮೆಂಟ್ ಇಟ್ಟರೆ ಆ ದಿಕ್ಕಿನ ಬಾಗುವಿಕೆ ಅದಕ್ಕೆ ಕಾಣಿಸುವುದೇ ಇಲ್ಲ. ನಾಲ್ಕಿಟ್ಟರೂ ಹೊರಮೈಯ ಗರಿಷ್ಠ ಸ್ಟ್ರೇನ್ ಸ್ವಲ್ಪ ಕಡಿಮೆಯೇ ಬರುತ್ತದೆ. ಹೊರಮೈಗೆ ತೀರ ತೆಳುವಾದ ಮೆಂಬ್ರೇನ್ ಎಲಿಮೆಂಟುಗಳ ಹೊದಿಕೆ ಹಾಕಿ ಅಲ್ಲಿಂದ ಸ್ಟ್ರೇನ್ ಓದುವುದು ಇದಕ್ಕೆ ಒಳ್ಳೆಯ ಪರಿಹಾರ. ಹೊದಿಕೆ ಎಷ್ಟು ತೆಳುವಿರಬೇಕೆಂದರೆ ಅದರ ಬಿಗಿತ ಫಲಿತಾಂಶವನ್ನು ಬದಲಿಸಬಾರದು.

ಸ್ಟ್ರಟ್ಟಿನ ಅಂಚುಗಳನ್ನು ಚೂಪಾಗಿ ಬಿಡಬೇಡಿ. ನಿಜವಾದ ಸ್ಟೆಂಟಿಗೆ ಎಲೆಕ್ಟ್ರೋಪಾಲಿಶ್ ಆಗಿರುತ್ತದೆ, ಅಂಚು ದುಂಡಗಿರುತ್ತದೆ. ಮಾದರಿಯಲ್ಲಿ ಚೂಪು ಅಂಚು ಗೋಡೆಗೆ ಒತ್ತಿದರೆ ಆ ಜಾಗದ ಸ್ಟ್ರೆಸ್ ಮೆಶ್ ಸಣ್ಣದಾದಷ್ಟೂ ಏರುತ್ತಲೇ ಹೋಗುತ್ತದೆ, ಎಂದಿಗೂ ಒಂದು ಸಂಖ್ಯೆಗೆ ಬಂದು ನಿಲ್ಲುವುದಿಲ್ಲ.

ಲೋಹದ ಗುಣಗಳು

316ಎಲ್ ಸ್ಟೀಲಿಗೆ ಯಂಗ್ಸ್ ಮಾಡ್ಯುಲಸ್ ಸುಮಾರು 193 ಗಿಗಾಪ್ಯಾಸ್ಕಲ್, ಎಲ್605 ಕೋಬಾಲ್ಟ್-ಕ್ರೋಮಿಯಂಗೆ ಸುಮಾರು 243. ಪಾಯ್ಸನ್ ಅನುಪಾತ ಎರಡಕ್ಕೂ 0.3ರ ಹತ್ತಿರ. ಇವುಗಳಿಗಿಂತ ಮುಖ್ಯವಾದದ್ದು ಯೀಲ್ಡ್ ಆದ ನಂತರದ ವಕ್ರರೇಖೆ. ಈ ಸ್ಟೆಂಟ್ ಕೆಲಸ ಮಾಡುವುದೇ ಲೋಹ ಶಾಶ್ವತವಾಗಿ ಬಾಗುವುದರಿಂದ.

ಸಾಲ್ವರ್‌ಗೆ ಕೊಡಬೇಕಾದ್ದು ಟ್ರೂ ಸ್ಟ್ರೆಸ್ ಮತ್ತು ಲಾಗರಿದಮಿಕ್ ಪ್ಲಾಸ್ಟಿಕ್ ಸ್ಟ್ರೇನ್. ಪರೀಕ್ಷಾ ವರದಿಯಲ್ಲಿ ಇರುವುದು ಎಂಜಿನಿಯರಿಂಗ್ ಸ್ಟ್ರೆಸ್ ಮತ್ತು ಸ್ಟ್ರೇನ್. ಒಂದು ಉದಾಹರಣೆ: ಎಂಜಿನಿಯರಿಂಗ್ ಸ್ಟ್ರೇನ್ 0.20, ಸ್ಟ್ರೆಸ್ 500 ಮೆಗಾಪ್ಯಾಸ್ಕಲ್ ಇದ್ದರೆ ಟ್ರೂ ಸ್ಟ್ರೆಸ್ 500 × 1.20 = 600. ಲಾಗರಿದಮಿಕ್ ಸ್ಟ್ರೇನ್ 1.20ರ ನೈಸರ್ಗಿಕ ಲಾಗರಿದಮ್, ಅಂದರೆ 0.182. ಅದರಿಂದ ಸ್ಥಿತಿಸ್ಥಾಪಕ ಭಾಗವಾದ 600 ÷ 193000 = 0.003 ಕಳೆದರೆ ಪ್ಲಾಸ್ಟಿಕ್ ಸ್ಟ್ರೇನ್ 0.179. ವಕ್ರರೇಖೆಯ ಕೊನೆಯ ಬಿಂದು ನಿಮ್ಮ ಮಾದರಿಯ ಗರಿಷ್ಠ ಸ್ಟ್ರೇನಿಗಿಂತ ಮುಂದೆ ಇರಬೇಕು. ಇಲ್ಲದಿದ್ದರೆ ಹಲವು ಸಾಲ್ವರ್‌ಗಳು ಅಲ್ಲಿಂದ ಮುಂದೆ ಸ್ಟ್ರೆಸ್ಸನ್ನು ಸಮತಟ್ಟು ಮಾಡಿಬಿಡುತ್ತವೆ, ಆ ಕಿರೀಟ ಮೇಣದಂತೆ ಬಾಗುತ್ತದೆ.

ದಪ್ಪ ಸರಳಿನಿಂದ ಅಳೆದ ಗುಣಗಳನ್ನು 80 ಮೈಕ್ರಾನ್ ಸ್ಟ್ರಟ್ಟಿಗೆ ಹಾಗೆಯೇ ಹಾಕುವುದು ಸರಿಯಲ್ಲ. ಅಷ್ಟು ತೆಳುವಿನಲ್ಲಿ ಲೋಹದ ಹರಳುಗಳು ಅಡ್ಡಕ್ಕೆ ಕೆಲವೇ ಇರುತ್ತವೆ, ಎಳೆದಾಗ ಬೇಗ ಮುರಿಯುತ್ತದೆ. ಸ್ಟೆಂಟ್ ಕತ್ತರಿಸುವ ಅದೇ ಕೊಳವೆಯಿಂದ, ಅದೇ ಶಾಖ ಸಂಸ್ಕರಣೆ ಆದ ತುಂಡಿನಿಂದ ದತ್ತಾಂಶ ಪಡೆಯಿರಿ.

ತಾನಾಗಿ ಅರಳುವ ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ಸ್ಟೆಂಟುಗಳ ಲೆಕ್ಕ ಬೇರೆ. ಅಲ್ಲಿ ಸೂಪರ್‌ಇಲಾಸ್ಟಿಕ್ ಮಾದರಿ ಬೇಕು, ಮತ್ತು ಎಲ್ಲ ಸಂಖ್ಯೆಗಳೂ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದವಾಗಿರಬೇಕು. ತಾಪಮಾನ ಒಂದು ಡಿಗ್ರಿ ಬದಲಾದರೆ ಪ್ಲಾಟೊ ಸ್ಟ್ರೆಸ್ (ಸ್ಟ್ರೇನ್ ಏರಿದರೂ ಬಹುತೇಕ ಸಮತಟ್ಟಾಗಿ ಉಳಿಯುವ ಸ್ಟ್ರೆಸ್) ಸುಮಾರು 6–7 ಮೆಗಾಪ್ಯಾಸ್ಕಲ್ ಬದಲಾಗುತ್ತದೆ. ಕೋಣೆಯ ತಾಪಮಾನದ ವರದಿಯನ್ನು ಬಳಸಿದರೆ ಗೋಡೆಯ ಮೇಲಿನ ಬಲ ಬಹಳ ಕಡಿಮೆ ಬಂದುಬಿಡುತ್ತದೆ. ನಿಟಿನಾಲ್ ಕುಗ್ಗುವಾಗ ಒಂದು ದಾರಿ, ಅರಳುವಾಗ ಇನ್ನೊಂದು ದಾರಿ ಹಿಡಿಯುವುದರಿಂದ ಪೂರ್ತಿ ಅರಳಿದ ಆಕಾರದಿಂದ ಆರಂಭಿಸಿ, ಕೆಥೀಟರ್ ಒರೆಯೊಳಗೆ ಕುಗ್ಗಿಸಿ, ಆಮೇಲೆ ನಾಳದಲ್ಲಿ ಬಿಡಬೇಕು. ನೇರವಾಗಿ ನಾಳದ ಅಳತೆಗೆ ಕುಗ್ಗಿಸಿದರೆ ಗೋಡೆಯ ಮೇಲಿನ ಬಲ ನಿಜಕ್ಕಿಂತ ಹೆಚ್ಚು ಬರುತ್ತದೆ.

ಬಲೂನ್

ಇಲ್ಲಿ ಮೂರು ದಾರಿಗಳಿವೆ. ಸ್ಟೆಂಟಿನ ಒಳಮೈ ಮೇಲೆ ನೇರವಾಗಿ ಒತ್ತಡ ಹಾಕುವುದು ಒಂದು. ಇದನ್ನು ಬಿಟ್ಟುಬಿಡಿ. ಬಲೂನಿನ ತಡೆ ಇಲ್ಲದ್ದರಿಂದ ಸ್ಟ್ರಟ್ಟುಗಳು ಯೀಲ್ಡ್ ಆದ ಕೂಡಲೇ ಅಂಕೆಯಿಲ್ಲದೆ ಹಾರುತ್ತವೆ. ಎರಡನೆಯದು, ಒಳಗೆ ಒಂದು ಸಿಲಿಂಡರ್ ಇಟ್ಟು ಅದರ ವ್ಯಾಸವನ್ನು ನಿಗದಿತವಾಗಿ ಹಿಗ್ಗಿಸುವುದು. ವಿನ್ಯಾಸಗಳ ಹೋಲಿಕೆಗೆ, ರಿಕಾಯಿಲ್ ಲೆಕ್ಕಕ್ಕೆ ಇದು ಸಾಕು, ವೇಗವೂ ಹೆಚ್ಚು. ಆದರೆ ಗಟ್ಟಿ ಪ್ಲಾಕ್ (ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬು, ಕ್ಯಾಲ್ಸಿಯಂ) ಎದುರಾದಾಗ ನಿಜವಾದ ಬಲೂನ್ ಅಲ್ಲಿ ಸೋಲುತ್ತದೆ, ಈ ಸಿಲಿಂಡರ್ ಸೋಲುವುದಿಲ್ಲ. ಕ್ಯಾಲ್ಸಿಯಂ ಇರುವ ನಾಳಕ್ಕೆ ಹಾಗಾಗಿ ಇದು ಸಲ್ಲದು.

ಮೂರನೆಯದು ಮೂರು ಮಡಿಕೆಯ ಬಲೂನ್. ಮೆಂಬ್ರೇನ್ ಎಲಿಮೆಂಟುಗಳಿಂದ, 20–30 ಮೈಕ್ರಾನ್ ದಪ್ಪದಲ್ಲಿ, ಸುಮಾರು 900 ಮೆಗಾಪ್ಯಾಸ್ಕಲ್ ಮಾಡ್ಯುಲಸ್ ಕೊಟ್ಟು ಕಟ್ಟುತ್ತಾರೆ. ಒತ್ತಡ ಹಾಕಿದಾಗ ಮಡಿಕೆಗಳು ಕಡಿಮೆ ಒತ್ತಡದಲ್ಲೇ ಫಕ್ಕನೆ ಬಿಚ್ಚಿಕೊಂಡು ಸ್ಟೆಂಟಿಗೆ ಬಡಿಯುತ್ತವೆ. ಒತ್ತಡದ ಬದಲು ದ್ರವದ ಪರಿಮಾಣವನ್ನು ನಿಯಂತ್ರಿಸಿದರೆ ಈ ಬಡಿತ ಬಹಳ ತಗ್ಗುತ್ತದೆ. ಬಲೂನ್ ಉಬ್ಬಿಸುವ ಪಂಪಾದ ಇಂಡಿಫ್ಲೇಟರ್ ತಿರುಗಿಸಿದಾಗ ಆಗುವುದೂ ಅದೇ: ದ್ರವ ಒಳಗೆ ಹೋಗುತ್ತದೆ, ಒತ್ತಡ ಅದಕ್ಕೆ ತಕ್ಕಂತೆ ಏರುತ್ತದೆ.

ಬಲೂನ್ ಒಂದನ್ನೇ ಉಬ್ಬಿಸಿ, ಒತ್ತಡಕ್ಕೆ ವ್ಯಾಸ ಎಷ್ಟು ಬಂತು ಎಂದು ಉತ್ಪನ್ನದ ಜೊತೆ ಬರುವ ಕಂಪ್ಲಯನ್ಸ್ ಕೋಷ್ಟಕದೊಂದಿಗೆ ಹೋಲಿಸಿ. ವ್ಯಾಸ 0.05 ಮಿ.ಮೀ. ಒಳಗೆ ಹೊಂದುವವರೆಗೆ ದಪ್ಪವನ್ನೋ ಮಾಡ್ಯುಲಸ್ಸನ್ನೋ ತಿದ್ದಿ. ಆಮೇಲೆ ಬಲೂನ್ ಮತ್ತು ಸ್ಟೆಂಟ್ ಎರಡನ್ನೂ ನಾಳವಿಲ್ಲದೆ ಬಯಲಿನಲ್ಲಿ ಹಿಗ್ಗಿಸಿ ನೋಡಿ. ಈ ಎರಡು ಪರೀಕ್ಷೆ ಗೆಲ್ಲದೆ ಅಪಧಮನಿಯ ಕಡೆ ಹೋಗಬಾರದು.

ಅಪಧಮನಿಯ ಗೋಡೆ

ಕೆಲಸದ ಕಷ್ಟವೆಲ್ಲ ಇಲ್ಲಿದೆ. ಲೋಹದ ಗುಣ ಕೈಪಿಡಿಯಲ್ಲಿ ಸಿಗುತ್ತದೆ, ಗೋಡೆಯ ಗುಣ ಮನುಷ್ಯನಿಂದ ಮನುಷ್ಯನಿಗೆ, ಪದರದಿಂದ ಪದರಕ್ಕೆ ಬೇರೆ.

ಗೋಡೆಯಲ್ಲಿ ಇಂಟಿಮಾ, ಮೀಡಿಯಾ, ಅಡ್ವೆಂಟೀಷಿಯಾ ಎಂಬ ಮೂರು ಪದರ. ವಯಸ್ಸಾದವರ ಕೊರೊನರಿಯಲ್ಲಿ ಇಂಟಿಮಾ ದಪ್ಪಗಾಗಿ ಗೋಡೆಯ ಕಾಲು ಭಾಗಕ್ಕೂ ಹೆಚ್ಚು ಇರುತ್ತದೆ ಮತ್ತು ಭಾರ ಹೊರುವುದರಲ್ಲಿ ಪಾಲು ಪಡೆಯುತ್ತದೆ. ಎಳೆಯರ ನಾಳದ ಪುಸ್ತಕ ಚಿತ್ರ ನೋಡಿ ಇಂಟಿಮಾವನ್ನು ಕೈಬಿಟ್ಟರೆ ಸ್ಟೆಂಟ್ ಹಾಕಿಸಿಕೊಳ್ಳುವ ವಯಸ್ಸಿನವರ ಗೋಡೆ ಅದಾಗುವುದಿಲ್ಲ. ಪ್ರತಿ ಪದರಕ್ಕೂ ದಪ್ಪದಲ್ಲಿ ಕನಿಷ್ಠ 3 ಎಲಿಮೆಂಟ್ ಇರಲಿ. ಸ್ಟೆಂಟ್ ತಾಗುವ ಒಳಮೈಯಲ್ಲಿ ಎಲಿಮೆಂಟಿನ ಅಳತೆ ಸ್ಟ್ರಟ್ಟಿನ ಅಗಲದ ಅರ್ಧಕ್ಕಿಂತ ಕಡಿಮೆ, ಅಂದರೆ 0.03–0.05 ಮಿ.ಮೀ. ಇರಲಿ.

ಪದರಗಳಲ್ಲಿ ಕೊಲಾಜೆನ್ ನಾರುಗಳು ಸುರುಳಿಯಾಗಿ ಎರಡು ದಿಕ್ಕಿನಲ್ಲಿ ಸುತ್ತಿಕೊಂಡಿರುತ್ತವೆ. ಇದನ್ನು ಹಿಡಿಯಲು ಹೆಚ್ಚು ಬಳಕೆಯಲ್ಲಿರುವುದು 2000ದಲ್ಲಿ ಬಂದ ಹೋಲ್ಟ್‌ಜಾಪ್‌ಫೆಲ್-ಗ್ಯಾಸರ್-ಆಗ್ಡನ್ ಮಾದರಿ, ಮತ್ತು ನಾರುಗಳ ಚದುರುವಿಕೆಯನ್ನು ಸೇರಿಸಿದ ಅದರ 2006ರ ರೂಪ. ಇದರಲ್ಲಿ ನಾರಿಲ್ಲದ ಮೃದು ಭಾಗಕ್ಕೆ ಒಂದು ಸ್ಥಿರಾಂಕ, ನಾರಿನ ಬಿಗಿತಕ್ಕೆ ಎರಡು, ದಿಕ್ಕಿಗೆ ಒಂದು ಕೋನ, ಚದುರುವಿಕೆಗೆ 0ಯಿಂದ 1/3ರವರೆಗಿನ ಒಂದು ಸಂಖ್ಯೆ. 0 ಎಂದರೆ ಎಲ್ಲ ನಾರೂ ಒಂದೇ ಸಾಲಿನಲ್ಲಿ, 1/3 ಎಂದರೆ ಎಲ್ಲ ದಿಕ್ಕಿಗೂ ಸಮವಾಗಿ.

ಪ್ರಬಂಧದಿಂದ ಈ ಸಂಖ್ಯೆಗಳನ್ನು ಎತ್ತಿಕೊಳ್ಳುವಾಗ ಎರಡು ಕಡೆ ಎಡವುತ್ತಾರೆ. ಕೆಲವು ಲೇಖಕರು ಮೃದು ಭಾಗದ ಸ್ಥಿರಾಂಕವನ್ನು ಅರ್ಧದಿಂದ ಗುಣಿಸಿ ಬರೆಯುತ್ತಾರೆ, ಕೆಲವು ಸಾಲ್ವರ್‌ಗಳು ಹಾಗೆ ಮಾಡುವುದಿಲ್ಲ. ಗೊತ್ತಾಗದೆ ಬಿಗಿತ ಇಮ್ಮಡಿಯೋ ಅರ್ಧವೋ ಆಗುತ್ತದೆ. ನಾರಿನ ಕೋನವನ್ನು ಕೆಲವರು ಸುತ್ತಳತೆಯ ದಿಕ್ಕಿನಿಂದ ಅಳೆಯುತ್ತಾರೆ, ಕೆಲವರು ನಾಳದ ಉದ್ದದ ದಿಕ್ಕಿನಿಂದ. ಇದಕ್ಕೊಂದು ಅಗ್ಗದ ಪರೀಕ್ಷೆ ಇದೆ. ಒಂದೇ ಘನಾಕಾರದ ಎಲಿಮೆಂಟನ್ನು ಎರಡೂ ದಿಕ್ಕಿಗೆ ಎಳೆದು, ಬಂದ ವಕ್ರರೇಖೆಯನ್ನು ಮೂಲ ಪ್ರಬಂಧದ ಚಿತ್ರದ ಮೇಲಿಟ್ಟು ನೋಡಿ. ಹತ್ತು ನಿಮಿಷದ ಈ ಕೆಲಸವನ್ನು ಯಾರೂ ತಪ್ಪಿಸಬಾರದು.

ಬಾಗಿದ ನಾಳದಲ್ಲಿ ಪ್ರತಿ ಎಲಿಮೆಂಟಿಗೂ ತನ್ನದೇ ಸುತ್ತಳತೆಯ ದಿಕ್ಕು ಬೇಕು. ನಾಳದ ನಡುರೇಖೆ ತೆಗೆದು, ಅದರ ಸ್ಪರ್ಶಕ ಮತ್ತು ಗೋಡೆಯ ಲಂಬ ಎರಡರ ಅಡ್ಡ ಗುಣಲಬ್ಧದಿಂದ ಇದನ್ನು ಪಡೆಯಬಹುದು. ಕವಲೊಡೆಯುವ ಜಾಗದಲ್ಲಿ ಈ ಲೆಕ್ಕ ಕೆಡುತ್ತದೆ. ಅಲ್ಲಿ ಒಂದು ತುದಿಗೆ 0, ಇನ್ನೊಂದಕ್ಕೆ 1 ಎಂದು ತಾಪಮಾನ ಕೊಟ್ಟು ಶಾಖ ಹರಿವಿನ ಸಮೀಕರಣ ಬಿಡಿಸಿದರೆ, ಹರಿವಿನ ದಿಕ್ಕೇ ಉದ್ದದ ದಿಕ್ಕಾಗಿ ಸಿಗುತ್ತದೆ.

ಅಂಗಾಂಶ ಹಿಂಡಿದರೆ ಪರಿಮಾಣ ಬಹುತೇಕ ಬದಲಾಗುವುದಿಲ್ಲ. ಇಂಪ್ಲಿಸಿಟ್ (ಪ್ರತಿ ಹಂತದಲ್ಲೂ ಸಮತೋಲನ ಬಿಡಿಸುವ) ಸಾಲ್ವರ್‌ನಲ್ಲಿ ಹೈಬ್ರಿಡ್ ಎಲಿಮೆಂಟುಗಳು ಇದನ್ನು ನೋಡಿಕೊಳ್ಳುತ್ತವೆ. ಎಕ್ಸ್‌ಪ್ಲಿಸಿಟ್‌ನಲ್ಲಿ (ಸಣ್ಣ ಸಮಯದ ಹೆಜ್ಜೆಗಳಲ್ಲಿ ಮುಂದೆ ಸಾಗುವುದರಲ್ಲಿ) ಸ್ವಲ್ಪ ಸಡಿಲ ಬಿಡಲೇಬೇಕು. ಬಲ್ಕ್ ಮತ್ತು ಶಿಯರ್ ಮಾಡ್ಯುಲಸ್‌ಗಳ ಅನುಪಾತ 20 ಇದ್ದರೆ ಪಾಯ್ಸನ್ ಅನುಪಾತ 0.475. 100ರವರೆಗೆ ಏರಿಸಬಹುದು, ಅದಕ್ಕಿಂತ ಮೇಲೆ ಹೋದರೆ ಸಮಯದ ಹೆಜ್ಜೆ ತೀರಾ ಕುಗ್ಗುತ್ತದೆ. ಆದರೆ ನಾರುಳ್ಳ ಮಾದರಿಯಲ್ಲಿ ಆ ಅನುಪಾತ ಎಣಿಸಬೇಕಾದ್ದು ಮೃದು ಭಾಗದಿಂದಲ್ಲ, ಹಿಗ್ಗಿದಾಗ ನಾರುಗಳು ಕೊಡುವ ಬಿಗಿತದಿಂದ. ಇದನ್ನು ಕಡೆಗಣಿಸಿದರೆ ಎಳೆದ ಗೋಡೆ ಉಬ್ಬಿ ಪರಿಮಾಣವೇ ಹೆಚ್ಚುತ್ತದೆ. ಓಟ ಮುಗಿದ ಮೇಲೆ ಪ್ರತಿ ಪದರದ ಪರಿಮಾಣದ ಬದಲಾವಣೆ ನೋಡಿ. ಶೇಕಡಾ 2 ದಾಟಿದ್ದರೆ ಸ್ಟ್ರೆಸ್ಸನ್ನು ನಂಬಬೇಡಿ.

ಸ್ಟೆಂಟ್ ಬರುವ ಮೊದಲೇ ಗೋಡೆಯಲ್ಲಿರುವ ಸ್ಟ್ರೆಸ್

ಸ್ಕ್ಯಾನಿನಿಂದ ತೆಗೆದ ಆಕಾರ ರಕ್ತದೊತ್ತಡದಲ್ಲಿರುವ ಆಕಾರ. ಅದನ್ನೇ ಸ್ಟ್ರೆಸ್ ಇಲ್ಲದ ಆರಂಭ ಎಂದು ಹಿಡಿದು ಮತ್ತೆ ಒತ್ತಡ ಹಾಕಿದರೆ ನಾಳ ಎರಡನೆಯ ಸಲ ಉಬ್ಬುತ್ತದೆ. ಪರಿಹಾರ ಪುನರಾವರ್ತನೆ: ಒತ್ತಡ ಹಾಕಿ, ಎಷ್ಟು ಸರಿಯಿತು ನೋಡಿ, ಅಷ್ಟನ್ನು ಮೂಲ ಆಕಾರದಿಂದ ಕಳೆಯಿರಿ, ಮತ್ತೆ ಒತ್ತಡ ಹಾಕಿ. ಒತ್ತಡ ಹಾಕಿದ ಆಕಾರ ಸ್ಕ್ಯಾನಿನ ಮೇಲೆ ಸರಿಯಾಗಿ ಕೂರುವವರೆಗೆ ಹೀಗೇ ಮಾಡಿ. ಸಾಮಾನ್ಯವಾಗಿ ಕೆಲವೇ ಸುತ್ತುಗಳಲ್ಲಿ ಮುಗಿಯುತ್ತದೆ.

ಉದ್ದಕ್ಕೂ ನಾಳ ಎಳೆದ ಸ್ಥಿತಿಯಲ್ಲೇ ಇರುತ್ತದೆ. ಎಳೆಯರಲ್ಲಿ ಈ ಎಳೆತ ಹೆಚ್ಚು, ವಯಸ್ಸಾದಂತೆ ತಗ್ಗುತ್ತದೆ. ಹಿರಿಯರ ಕೊರೊನರಿಗೆ 1.05ರ ಆಸುಪಾಸಿನ ಎಳೆತದಿಂದ ಆರಂಭಿಸಬಹುದು. ಇನ್ನೊಂದು ವಿಷಯ, ಕತ್ತರಿಸಿಟ್ಟ ನಾಳದ ಉಂಗುರವನ್ನು ಒಂದು ಕಡೆ ಸೀಳಿದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಂದರೆ ಒತ್ತಡವಿಲ್ಲದಾಗಲೂ ಒಳಗೆ ಸ್ಟ್ರೆಸ್ ಉಳಿದಿದೆ. ರಕ್ತದೊತ್ತಡದ ಮಟ್ಟದ ಲೆಕ್ಕದಲ್ಲಿ ಇದರ ಪರಿಣಾಮ ದೊಡ್ಡದು. ಸ್ಟೆಂಟ್ ಗೋಡೆಯನ್ನು ಅದಕ್ಕಿಂತ ಎಷ್ಟೋ ಹೆಚ್ಚು ಹಿಗ್ಗಿಸುವುದರಿಂದ, ಎರಡು ವಿನ್ಯಾಸ ಹೋಲಿಸುವ ಕೆಲಸದಲ್ಲಿ ಇದನ್ನು ಬಿಟ್ಟರೂ ಆದೀತು ಎಂಬುದು ನಮ್ಮ ನಿಲುವು. ಎಳೆತವನ್ನೂ ರಕ್ತದೊತ್ತಡವನ್ನೂ ಮಾತ್ರ ಬಿಡುವಂತಿಲ್ಲ.

ಗೋಡೆ ಒಂದನ್ನೇ 0.0133 ಮೆಗಾಪ್ಯಾಸ್ಕಲ್‌ಗೆ ಉಬ್ಬಿಸಿ ಸರಾಸರಿ ಸುತ್ತಳತೆ ಸ್ಟ್ರೆಸ್ ನೋಡಿ. ಉಬ್ಬಿದ ನಂತರದ ಒಳ ತ್ರಿಜ್ಯ 1.5 ಮಿ.ಮೀ., ದಪ್ಪ 0.75 ಮಿ.ಮೀ. ಇದ್ದರೆ ಅದು 13.3 × 1.5 ÷ 0.75, ಸುಮಾರು 27 ಕಿಲೋಪ್ಯಾಸ್ಕಲ್ ಬರಲೇಬೇಕು. ಇದು ಬಲಗಳ ಸಮತೋಲನದ ಲೆಕ್ಕ, ಗೋಡೆಗೆ ಯಾವ ಗುಣ ಕೊಟ್ಟರೂ ಬದಲಾಗದು.

ಪ್ಲಾಕ್

ಒಳದಾರಿ 1.5 ಮಿ.ಮೀ.ಗೆ ಕಿರಿದಾದ ನಾಳವನ್ನು 3.0 ಮಿ.ಮೀ.ಗೆ ಹಿಗ್ಗಿಸುತ್ತೀರಿ ಎಂದುಕೊಳ್ಳಿ. ಒಳಮೈ ಎರಡು ಪಟ್ಟು ಎಳೆಯಲ್ಪಡುತ್ತದೆ. ಹೊರ ವ್ಯಾಸ 4.5 ಮಿ.ಮೀ. ಇದ್ದು ಪರಿಮಾಣ ಬದಲಾಗದಿದ್ದರೆ ಅದು 5.2 ಮಿ.ಮೀ. ಆಗುತ್ತದೆ, ಹೊರಮೈಯ ಎಳೆತ 1.15 ಪಟ್ಟು ಮಾತ್ರ. ಪ್ರಯೋಗಾಲಯದ ಪ್ಲಾಕ್ ತುಂಡುಗಳು ಎರಡು ಪಟ್ಟು ಎಳೆಯುವ ಎಷ್ಟೋ ಮೊದಲೇ ಹರಿಯುತ್ತವೆ. ಆದರೆ ಘಾತೀಯವಾಗಿ ಏರುವ ಸಮೀಕರಣ ದತ್ತಾಂಶ ಮುಗಿದ ಮೇಲೂ ಏರುತ್ತಲೇ ಹೋಗಿ, ಸ್ಟೀಲಿನಷ್ಟು ಸ್ಟ್ರೆಸ್ ತೋರಿಸಿ ಕೊನೆಗೆ ಓಟವನ್ನೇ ನಿಲ್ಲಿಸುತ್ತದೆ. ನಿಜವಾದ ನಾಳದಲ್ಲಿ ಪ್ಲಾಕ್ ಬಿರಿಯುತ್ತದೆ, ಲಿಪಿಡ್ ಅತ್ತಿತ್ತ ಸರಿಯುತ್ತದೆ, ಉಳಿದದ್ದು ಹಿಗ್ಗಿದ ಸ್ಥಿತಿಯಲ್ಲೇ ಭಾಗಶಃ ನಿಲ್ಲುತ್ತದೆ.

ಆದ್ದರಿಂದ ಪ್ಲಾಕ್‌ಗೆ ಹಾನಿಯನ್ನೋ ಶಾಶ್ವತ ರೂಪಬದಲಾವಣೆಯನ್ನೋ ಹೇಗಾದರೂ ಸೇರಿಸಲೇಬೇಕು. ಸರಳ ದಾರಿ ಎಂದರೆ ಹೈಪರ್‌ಇಲಾಸ್ಟಿಕ್ (ರಬ್ಬರಿನಂತೆ ಹಿಗ್ಗಿ ಪೂರ್ತಿ ಮರಳುವ) ಗುಣದ ಜೊತೆಗೆ ಒಂದು ಮಟ್ಟ ದಾಟಿದ ಮೇಲೆ ಪ್ಲಾಸ್ಟಿಕ್ ಆಗಿ ಹರಿಯುವಂತೆ ಮಾಡುವುದು. ಆ ಮಟ್ಟಕ್ಕೆ ಪ್ಲಾಕ್‌ನ ಹೊದಿಕೆ ಹರಿಯುವ ಮಿತಿಯೆಂದು ಸಂಶೋಧನೆಗಳಲ್ಲಿ ಬಳಕೆಯಲ್ಲಿರುವ 300 ಕಿಲೋಪ್ಯಾಸ್ಕಲ್ ಆರಂಭದ ಅಂದಾಜಾಗಬಲ್ಲದು. ಶುದ್ಧ ಹೈಪರ್‌ಇಲಾಸ್ಟಿಕ್ ಪ್ಲಾಕ್ ಬಲೂನ್ ಇಳಿದ ಕೂಡಲೇ ಪೂರ್ತಿ ಬಲದಿಂದ ಸ್ಟೆಂಟನ್ನು ಹಿಂದಕ್ಕೆ ಹಿಂಡುತ್ತದೆ, ರಿಕಾಯಿಲ್ ನಿಜಕ್ಕಿಂತ ಹೆಚ್ಚು ಬರುತ್ತದೆ.

ಕ್ಯಾಲ್ಸಿಯಂ ಎಲ್ಲಿದೆ, ಎಷ್ಟು ಕೋನ ಆವರಿಸಿದೆ ಎಂಬುದು ಅದರ ನಿಖರ ಬಿಗಿತಕ್ಕಿಂತ ಮುಖ್ಯ. ಒಂದು ಪಕ್ಕದಲ್ಲಿ ಮಾತ್ರ ಕ್ಯಾಲ್ಸಿಯಂ ಇದ್ದರೆ ಹಿಗ್ಗುವಿಕೆಯೆಲ್ಲ ಎದುರಿನ ಆರೋಗ್ಯವಂತ ಗೋಡೆಯ ಪಾಲಿಗೆ ಬಂದು ಹಾನಿ ಅಲ್ಲಾಗುತ್ತದೆ. ಸ್ಥಾನ ತಿಳಿಯಲು ನಾಳದೊಳಗಿನಿಂದ ಬೆಳಕಿನಿಂದ ತೆಗೆಯುವ ಒಸಿಟಿ ಚಿತ್ರ ಒಳ್ಳೆಯದು, 10–20 ಮೈಕ್ರಾನಿನ ವಿವರ ಕೊಡುತ್ತದೆ. ಆದರೆ ಅದರ ಬೆಳಕು ಗೋಡೆಯೊಳಗೆ 1–2 ಮಿ.ಮೀ. ಮಾತ್ರ ಇಳಿಯುತ್ತದೆ, ಲಿಪಿಡ್ ಇದ್ದಲ್ಲಿ ಇನ್ನೂ ಕಡಿಮೆ. ಹೊರ ಗಡಿ ಬೇಕಾದರೆ ನಾಳದೊಳಗಿನಿಂದ ಅಲ್ಟ್ರಾಸೌಂಡಿನಿಂದ ತೆಗೆಯುವ ಐವಸ್ ಚಿತ್ರವನ್ನೂ ಸೇರಿಸಿಕೊಳ್ಳಬೇಕು. ಅದರ ವಿವರ 100 ಮೈಕ್ರಾನಿನ ಆಸುಪಾಸು.

ಸಂಪರ್ಕ ಮತ್ತು ಅಂಚಿನ ಕಟ್ಟುಗಳು

ಬಲೂನ್ ತನ್ನ ಮಡಿಕೆಗಳೊಂದಿಗೆ, ಬಲೂನ್ ಸ್ಟೆಂಟಿನೊಂದಿಗೆ, ಸ್ಟೆಂಟ್ ಗೋಡೆಯೊಂದಿಗೆ, ಸ್ಟ್ರಟ್ಟುಗಳ ನಡುವೆ ಇಣುಕುವ ಬಲೂನ್ ಗೋಡೆಯೊಂದಿಗೆ, ಹೀಗೆ ನಾಲ್ಕು ಸಂಪರ್ಕಗಳು. ಕೊನೆಯದನ್ನು ಮರೆಯುವವರು ಹೆಚ್ಚು. ಘರ್ಷಣಾ ಗುಣಾಂಕ 0.05ರಿಂದ 0.2ರ ನಡುವೆ ಇಟ್ಟು, ಎರಡೂ ತುದಿಗಳಲ್ಲಿ ಒಂದೊಂದು ಸಲ ಓಡಿಸಿ ವ್ಯತ್ಯಾಸ ನೋಡಿ. ಸ್ಟೆಂಟನ್ನು ಮಾಸ್ಟರ್, ಗೋಡೆಯನ್ನು ಸ್ಲೇವ್ ಮಾಡಿ. ಗೋಡೆಯ ಮೆಶ್ ಸ್ಟ್ರಟ್ಟಿಗಿಂತ ಒರಟಾಗಿದ್ದರೆ ತಂತಿ ನೋಡುಗಳ ನಡುವಿನಿಂದ ಗೋಡೆಯೊಳಗೆ ಮುಳುಗಿಹೋಗುತ್ತದೆ, ಸ್ಟ್ರೆಸ್ ಚಿತ್ರ ಮಾತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ. ನೋಡುವವರು ಮೋಸಹೋಗುವುದು ಇಲ್ಲಿಯೇ. ಅಡ್ಡ ಕತ್ತರಿಸಿದ ನೋಟ ತೆಗೆದು ಕಣ್ಣಾರೆ ಪರಿಶೀಲಿಸಿ.

ನಾಳದ ತುದಿಗಳನ್ನು ಸ್ಟೆಂಟಿನ ತುದಿಯಿಂದ ಕನಿಷ್ಠ ಎರಡು ವ್ಯಾಸದಷ್ಟು ದೂರ ಇಡಿ. ತುದಿಯ ನೋಡುಗಳನ್ನು ಉದ್ದದ ಮತ್ತು ಸುತ್ತಳತೆಯ ದಿಕ್ಕಿಗೆ ಮಾತ್ರ ಹಿಡಿದು, ತ್ರಿಜ್ಯದ ದಿಕ್ಕಿಗೆ ಬಿಟ್ಟುಬಿಡಿ. ಸ್ಟೆಂಟ್ ತೇಲಿಹೋಗದಂತೆ ಅದರ ನಡು ಉದ್ದದಲ್ಲಿ ಮೂರು ನೋಡುಗಳನ್ನು ಅದೇ ರೀತಿ ಹಿಡಿದರೆ ಸಾಕು. ತುದಿಯನ್ನು ಹಿಡಿದರೆ ಸ್ಟೆಂಟ್ ಸಹಜವಾಗಿ ಮೊಟಕಾಗುವುದಕ್ಕೆ ಅಡ್ಡಿಯಾಗುತ್ತದೆ.

ಸಾಲ್ವರ್ ಮತ್ತು ಸಮಯ

ಇಷ್ಟೊಂದು ಸಂಪರ್ಕ ಇರುವಾಗ ಎಕ್ಸ್‌ಪ್ಲಿಸಿಟ್ ಸಾಲ್ವರ್ ಅನುಕೂಲ. ಅದರ ಸಮಯದ ಹೆಜ್ಜೆ ಎಂದರೆ ಅತಿ ಸಣ್ಣ ಎಲಿಮೆಂಟನ್ನು ಶಬ್ದ ದಾಟುವ ಸಮಯ. ಸ್ಟೀಲಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5000 ಮೀಟರ್. ಎಲಿಮೆಂಟ್ 0.02 ಮಿ.ಮೀ. ಇದ್ದರೆ ಹೆಜ್ಜೆ 4 ನ್ಯಾನೋಸೆಕೆಂಡ್. 20 ಮಿಲಿಸೆಕೆಂಡಿನ ಹಿಗ್ಗುವಿಕೆಗೆ 50 ಲಕ್ಷ ಹೆಜ್ಜೆ. ಲೋಹದ ರಾಶಿಯನ್ನು 100 ಪಟ್ಟು ಹೆಚ್ಚಿಸಿದರೆ ಹೆಜ್ಜೆ 10 ಪಟ್ಟು ದೊಡ್ಡದಾಗಿ 5 ಲಕ್ಷಕ್ಕೆ ಇಳಿಯುತ್ತದೆ. ಇಷ್ಟು ಹೆಜ್ಜೆಗಳಿಗೆ ಡಬಲ್ ಪ್ರಿಸಿಷನ್ ಬಳಸಿ, ಇಲ್ಲವಾದರೆ ಸಣ್ಣ ಸಣ್ಣ ತಪ್ಪುಗಳು ಕೂಡಿ ಫಲಿತಾಂಶ ಕೆಡುತ್ತದೆ.

ರಾಶಿ ಹೆಚ್ಚಿಸಿದ್ದು ಅತಿಯಾಯಿತೇ ಎಂದು ಶಕ್ತಿಯ ಲೆಕ್ಕ ಹೇಳುತ್ತದೆ. ಚಲನಶಕ್ತಿ ಆಂತರಿಕ ಶಕ್ತಿಯ ಶೇಕಡಾ 5ರೊಳಗೆ ಇರಬೇಕು. ಅವರ್‌ಗ್ಲಾಸ್ (ಎಲಿಮೆಂಟುಗಳು ಸ್ಟ್ರೆಸ್ ಇಲ್ಲದೆ ಅಂಕುಡೊಂಕಾಗುವುದು) ತಡೆಯುವ ಕೃತಕ ಶಕ್ತಿಗೂ ಅದೇ ಮಿತಿ. ಇದನ್ನು ಇಡೀ ಮಾದರಿಗೆ ಒಟ್ಟಾಗಿ ನೋಡಿದರೆ ಸಾಲದು. ಲೋಹದ ಶಕ್ತಿ ಅಂಗಾಂಶದ್ದಕ್ಕಿಂತ ಬಹಳ ದೊಡ್ಡದಾದ್ದರಿಂದ ಗೋಡೆಯಲ್ಲಿ ನಡೆಯುವ ಅನಾಹುತ ಒಟ್ಟು ಲೆಕ್ಕದಲ್ಲಿ ಅಡಗಿಬಿಡುತ್ತದೆ. ಗೋಡೆಗೆ ಪ್ರತ್ಯೇಕ ಶಕ್ತಿಲೆಕ್ಕ ಬರೆಸಿಕೊಳ್ಳಿ. ಒತ್ತಡವನ್ನು ನೇರ ಗೆರೆಯಲ್ಲಿ ಏರಿಸದೆ, ಆರಂಭ ಮತ್ತು ಕೊನೆಯಲ್ಲಿ ಮೆಲ್ಲಗೆ ಬಾಗುವ ರೇಖೆಯಲ್ಲಿ ಏರಿಸಿ.

ಓಡಿಸುವ ಕ್ರಮ

1. ಸ್ಟೆಂಟನ್ನು ಬಲೂನಿನ ಮೇಲೆ ಸುಮಾರು 1 ಮಿ.ಮೀ. ವ್ಯಾಸಕ್ಕೆ ಕ್ರಿಂಪ್ ಮಾಡಿ (ಹಿಂಡಿ ಕೂರಿಸಿ), ಬಿಟ್ಟು ಸ್ವಲ್ಪ ಅರಳಲು ಬಿಡಿ. ಇಲ್ಲಿ ಉಳಿದ ಸ್ಟ್ರೆಸ್ಸನ್ನು ಮುಂದಿನ ಹಂತಕ್ಕೆ ಒಯ್ಯಬೇಕು.
2. ನಾಳಕ್ಕೆ ಉದ್ದದ ಎಳೆತ, ಆಮೇಲೆ ರಕ್ತದೊತ್ತಡ.
3. ಬಾಗಿದ ನಾಳವಾದರೆ ಸ್ಟೆಂಟ್ ಮತ್ತು ಬಲೂನನ್ನು ನಡುರೇಖೆಗೆ ತಕ್ಕಂತೆ ಬಗ್ಗಿಸಿ ಒಳಗೆ ಕೂರಿಸಿ.
4. ಬಲೂನನ್ನು ನಿಗದಿತ ಒತ್ತಡಕ್ಕೆ, ಸಾಮಾನ್ಯವಾಗಿ 8–12 ಅಟ್ಮಾಸ್ಫಿಯರ್‌ಗೆ, ಉಬ್ಬಿಸಿ ಸ್ವಲ್ಪ ಹೊತ್ತು ಹಿಡಿಯಿರಿ.
5. ಇಳಿಸಿ, ಅಲುಗಾಟ ನಿಲ್ಲುವವರೆಗೆ ಕಾಯಿರಿ.
6. ಆಯಸ್ಸಿನ ಲೆಕ್ಕ ಬೇಕಿದ್ದರೆ ಒತ್ತಡವನ್ನು 80 ಮತ್ತು 120 ಮಿ.ಮೀ. ಪಾದರಸದ ನಡುವೆ ಏರಿಳಿಸಿ. ಈ ಹಂತಕ್ಕೆ ಇಂಪ್ಲಿಸಿಟ್‌ಗೆ ಬದಲಾಯಿಸಿದರೆ ಸ್ಟ್ರೇನಿನ ಸಣ್ಣ ವ್ಯತ್ಯಾಸಗಳು ಸ್ಪಷ್ಟವಾಗಿ ಸಿಗುತ್ತವೆ.

ಫಲಿತಾಂಶ ಓದುವುದು

ಬಣ್ಣದ ಚಿತ್ರದ ಕೆಂಪು ಚುಕ್ಕೆಯನ್ನು ವರದಿ ಮಾಡಬೇಡಿ. ಒಂದೇ ಎಲಿಮೆಂಟಿನ ಗರಿಷ್ಠ ಸ್ಟ್ರೆಸ್ ಮೆಶ್ಶನ್ನು ಅವಲಂಬಿಸುತ್ತದೆ. ಸ್ಟೆಂಟ್ ಆವರಿಸಿದ ಭಾಗದ ಪರಿಮಾಣದಲ್ಲಿ ಎಷ್ಟು ಪಾಲು ಯಾವ ಸ್ಟ್ರೆಸ್ ಮಟ್ಟದ ಮೇಲಿದೆ ಎಂಬ ಹಂಚಿಕೆ, ಮತ್ತು 99ನೇ ಪರ್ಸೆಂಟೈಲ್ ಮೌಲ್ಯ ಕೊಡಿ. ಇಂಟಿಮಾ, ಮೀಡಿಯಾ, ಅಡ್ವೆಂಟೀಷಿಯಾ ಬೇರೆಬೇರೆಯಾಗಿ. ಗೋಡೆಗೆ ವಾನ್ ಮೀಸಸ್ ಸ್ಟ್ರೆಸ್ ಅಷ್ಟು ಅರ್ಥಪೂರ್ಣ ಅಲ್ಲ, ಅದು ಲೋಹಕ್ಕಾಗಿ ಹುಟ್ಟಿದ ಅಳತೆ. ಸುತ್ತಳತೆಯ ದಿಕ್ಕಿನ ಸ್ಟ್ರೆಸ್ಸನ್ನೋ ಗರಿಷ್ಠ ಪ್ರಿನ್ಸಿಪಲ್ ಸ್ಟ್ರೆಸ್ಸನ್ನೋ ಬಳಸಿ.

ರಿಕಾಯಿಲ್ ಎಂದರೆ ಉಬ್ಬಿದ್ದಾಗಿನ ವ್ಯಾಸ ಮತ್ತು ಇಳಿಸಿದ ಮೇಲಿನ ವ್ಯಾಸಗಳ ವ್ಯತ್ಯಾಸವನ್ನು ಉಬ್ಬಿದ್ದಾಗಿನ ವ್ಯಾಸದಿಂದ ಭಾಗಿಸಿದ್ದು. 3.20 ಇದ್ದದ್ದು 3.06 ಆದರೆ ಶೇಕಡಾ 4.4. ಡಾಗ್‌ಬೋನಿಂಗಿಗೆ ಕೆಲವರು ತುದಿಯ ವ್ಯಾಸದಿಂದ, ಕೆಲವರು ನಡುವಿನ ವ್ಯಾಸದಿಂದ ಭಾಗಿಸುತ್ತಾರೆ. ಯಾವುದು ಬಳಸಿದಿರಿ ಎಂದು ಬರೆಯದಿದ್ದರೆ ಇನ್ನೊಬ್ಬರ ಸಂಖ್ಯೆಯೊಂದಿಗೆ ಹೋಲಿಸಲು ಬರುವುದಿಲ್ಲ. ಸ್ಟ್ರಟ್ಟಿಗೂ ಗೋಡೆಗೂ ನಡುವಿನ ಅಂತರ, ಸ್ಟ್ರಟ್ಟುಗಳ ನಡುವೆ ಒಳಕ್ಕೆ ಉಬ್ಬಿದ ಅಂಗಾಂಶದ ಎತ್ತರ, ಇವೆರಡನ್ನೂ ಪ್ರತಿ ಅಡ್ಡ ಕೊಯ್ತದಲ್ಲಿ ಅಳೆಯಿರಿ.

ಮೆಶ್ ಸಾಕೇ ಎಂದು ತಿಳಿಯಲು ಮೂರು ಬೇರೆ ಅಳತೆಗಳಲ್ಲಿ ಓಡಿಸಿ. ವ್ಯಾಸ ಬೇಗ ಸ್ಥಿರವಾಗುತ್ತದೆ, ಕಿರೀಟದ ಸ್ಟ್ರೇನ್ ತಡವಾಗಿ. ವ್ಯಾಸ ಸ್ಥಿರವಾಯಿತು ಎಂದು ಆಯಸ್ಸಿನ ಲೆಕ್ಕಕ್ಕೂ ಅದೇ ಮೆಶ್ ಸಾಕು ಎನ್ನುವುದು ಬಹಳ ಕಡೆ ಕಾಣುವ ತಪ್ಪು.

ಆಯಸ್ಸಿಗೆ ಅಮೆರಿಕದ ಔಷಧ ಮತ್ತು ಉಪಕರಣ ನಿಯಂತ್ರಕ ಎಫ್‌ಡಿಎ ನಿರೀಕ್ಷಿಸುವುದು 10 ವರ್ಷಕ್ಕೆ ಸಮನಾದ ಸುಮಾರು 40 ಕೋಟಿ ಹೃದಯ ಬಡಿತ. ಸ್ಟೀಲ್ ಮತ್ತು ಕೋಬಾಲ್ಟ್-ಕ್ರೋಮಿಯಂಗೆ ಸರಾಸರಿ ಸ್ಟ್ರೆಸ್ ಮತ್ತು ಏರಿಳಿತದ ಸ್ಟ್ರೆಸ್ಸನ್ನು ಗುಡ್‌ಮನ್ ನಕ್ಷೆಯಲ್ಲಿ ಗುರುತಿಸುತ್ತಾರೆ. ನಿಟಿನಾಲಿಗೆ ಸ್ಟ್ರೇನಿನ ನಕ್ಷೆ ಬೇಕು. ಅಲ್ಲಿ ಏರಿಳಿತದ ಮಿತಿಯಾಗಿ ಸುಮಾರು ಶೇಕಡಾ 0.4 ಹೆಚ್ಚಾಗಿ ಉಲ್ಲೇಖವಾಗುತ್ತದೆಯಾದರೂ, ನಿಮ್ಮದೇ ಕೊಳವೆಯಿಂದ ಮಾಡಿದ ತುಂಡುಗಳ ಪರೀಕ್ಷೆಗೆ ಅದು ಬದಲಿಯಾಗದು.

ನಿಜದೊಂದಿಗೆ ಹೋಲಿಕೆ

ಬಯಲಿನಲ್ಲಿ ಹಿಗ್ಗಿಸಿದ ಸ್ಟೆಂಟಿನ ವ್ಯಾಸ ಮತ್ತು ಉದ್ದ, ರಿಕಾಯಿಲ್‌ಗೆ ಎಎಸ್‌ಟಿಎಂ ಸಂಸ್ಥೆಯ ಮಾನದಂಡ ಎಫ್2079, ತ್ರಿಜ್ಯದ ದಿಕ್ಕಿನ ಬಲಕ್ಕೆ ಎಫ್3067 ಪ್ರಕಾರ ಮಾಡಿದ ಪರೀಕ್ಷೆ, ಕೊನೆಗೆ ಗುಣ ಗೊತ್ತಿರುವ ಸಿಲಿಕೋನ್ ಕೊಳವೆಯೊಳಗೆ ಹಿಗ್ಗಿಸಿ ಮೈಕ್ರೋ ಸಿಟಿ ಚಿತ್ರ. ಈ ಕ್ರಮದಲ್ಲಿ ಒಂದೊಂದನ್ನೂ ಮಾದರಿಯೊಂದಿಗೆ ಹೋಲಿಸಿ. ಎಷ್ಟು ಹೋಲಿಕೆ ಸಾಕು ಎಂಬುದನ್ನು ಎಎಸ್‌ಎಂಇ 2018ರಲ್ಲಿ ತಂದ ವಿ ಆಂಡ್ ವಿ 40 ಮಾನದಂಡ ತೀರ್ಮಾನದ ಅಪಾಯಕ್ಕೆ ಜೋಡಿಸುತ್ತದೆ. ಎರಡು ಆರಂಭಿಕ ವಿನ್ಯಾಸಗಳಲ್ಲಿ ಒಂದನ್ನು ಆರಿಸಲು ಮಾದರಿ ಬಳಸುವುದಾದರೆ ಸಡಿಲಿಕೆ ಇದೆ. ಪ್ರಯೋಗದ ಬದಲಿಗೆ ಮಾದರಿಯನ್ನೇ ಸಾಕ್ಷ್ಯವಾಗಿ ಇಡುವುದಾದರೆ ಬಹಳ ಬಿಗಿಯಾದ ಪುರಾವೆ ಬೇಕು.

ಗೋಡೆಯ ಸ್ಟ್ರೆಸ್ಸಿಗೆ ಇಂಥ ನೇರ ಹೋಲಿಕೆ ಸಿಗದು. ಅಲ್ಲಿ ಮಾಡಬಹುದಾದ್ದು ಇಷ್ಟು: ಗೋಡೆಯ ಸ್ಥಿರಾಂಕಗಳನ್ನು ಪ್ರಕಟಿತ ಹರವಿನ ಎರಡೂ ತುದಿಗಳಲ್ಲಿಟ್ಟು, ಎರಡು ವಿನ್ಯಾಸಗಳನ್ನೂ ಮತ್ತೆ ಓಡಿಸಿ. ಮೊದಲನೆಯದೇ ಎಲ್ಲ ಸಲವೂ ಕಡಿಮೆ ಸ್ಟ್ರೆಸ್ ತೋರಿಸಿದರೆ ಆ ಕ್ರಮಾಂಕವನ್ನು ವರದಿಯಲ್ಲಿ ಬರೆಯಬಹುದು. ಮೆತ್ತನೆಯ ಗೋಡೆಯಲ್ಲಿ ಒಂದು, ಬಿಗಿ ಗೋಡೆಯಲ್ಲಿ ಇನ್ನೊಂದು ಗೆದ್ದರೆ ಯಾವ ಸ್ಥಿರಾಂಕದಲ್ಲಿ ಕ್ರಮ ತಿರುಗಿತು ಎಂಬುದನ್ನೇ ಬರೆದು, ಮುಂದಿನ ಅಂಗಾಂಶ ಪರೀಕ್ಷೆಯಲ್ಲಿ ಅದನ್ನು ಮೊದಲು ಅಳೆಯಿಸಿ.